ಕಿವಿ ಹರಳಿನ ತಲೆಸುತ್ತಿಗೆ ಎಪ್ಲಿ ಮಾಡಿಸ್ಕೊಂಡು ಬಂದ್ಮೇಲೆ ಹೆಂಗೆ ಮಲಗಬೇಕು, ಹೆಂಗೆ ಏಳಬೇಕು, ಎಷ್ಟು ಬಗ್ಗಬಹುದು

ನಮ್ಮಮ್ಮ ಎರಡು ರಾತ್ರಿ ಪ್ಲಾಸ್ಟಿಕ್ ಚೇರಲ್ಲಿ ಕೂತ್ಕೊಂಡೇ ಕಳೆದ್ಲು. ನಮ್ಮೂರು ಶ್ರೀನಿವಾಸಪುರದ ಕಡೆ, ಮಾವಿನಕಾಯಿ ಕೀಳೋ ಟೈಮು ಅದು, ಬೆಳಗಿನ ಜಾವ ಹಾಲು ಕರೆಯೋಣ ಅಂತ ಹಾಸಿಗೆಯಿಂದ ಎದ್ದವಳಿಗೆ ಮನೆಯೆಲ್ಲಾ ಗಿರ್ರನೆ ತಿರುಗಿ ಗೋಡೆ ಹಿಡ್ಕೊಂಡು ಹಂಗೇ ಕುಸಿದು ಕೂತ್ಲು. ಪಿತ್ತ ಅಂದ್ರು, ಬಿಪಿ ಅಂದ್ರು, ಕತ್ತಿನ ಮೂಳೆ ಸವೆದಿದೆ ಅಂದ್ರು, ನಿಂಬೆಹಣ್ಣಿನ ಪಾನಕ ಕುಡಿಸಿ ದೃಷ್ಟಿನೂ ತೆಗೆದ್ರು, ಒಂದ್ಕಡೆ ಗ್ಲೂಕೋಸ್ ಬಾಟ್ಲು ಹಾಕಿ ಕಳ್ಸಿದ್ರು. ಹನ್ನೆರಡನೇ ದಿನಕ್ಕೆ ಇಎನ್‌ಟಿ ಡಾಕ್ಟರ ಹತ್ರ ಹೋದಾಗ ಮಂಚದ ಮೇಲೆ ಕೂರಿಸಿ, ತಲೆ ಬಲಕ್ಕೆ ತಿರುಗಿಸಿ, ಸರ್ರನೆ ಹಿಂದಕ್ಕೆ ಮಲಗಿಸಿ ಕಣ್ಣು ನೋಡಿದ್ರು, ಕಣ್ಣುಗುಡ್ಡೆ ಪಟಪಟ ಅಂತ ಒಂದೇ ಕಡೆ ಎಳೀತಿತ್ತು, ಬಲಗಿವಿ ಅಂದ್ರು, ಹತ್ತು ನಿಮಿಷದಲ್ಲಿ ಎಪ್ಲಿ ಅನ್ನೋ ಟ್ರೀಟ್‌ಮೆಂಟ್ ಮಾಡಿ ಮುಗಿಸಿದ್ರು. ಇಂಜೆಕ್ಷನ್ ಇಲ್ಲ, ಆಪರೇಷನ್ ಇಲ್ಲ.

ಅಲ್ಲಿವರೆಗೂ ಚೆನ್ನಾಗೇ ಇತ್ತು. ಹೊರಡೋವಾಗ ಅಲ್ಲಿದ್ದೋರು ಒಂದು ಮಾತು ಹೇಳಿದ್ರು, ಎರಡು ದಿನ ಮಲಗಬೇಡಿ, ಒಂದು ವಾರ ಬಗ್ಗಬೇಡಿ, ತಲೆ ಅಲ್ಲಾಡಿಸಬೇಡಿ ಅಂತ. ಯಾಕೆ ಅಂತ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಅಮ್ಮ ಅದನ್ನ ದೇವರ ಮಾತು ಅಂತ ಹಿಡಿದ್ಲು. ಕುರ್ಚಿಲೇ ಎರಡು ರಾತ್ರಿ, ಕಾಲು ಊದಿಕೊಳ್ತು, ಕತ್ತು ಬಿಗಿದು ಹಿಡ್ಕೊಳ್ತು, ವಾರ ಕಳೆದ್ರೂ ಯಾರಾದ್ರೂ ಕೂಗಿದ್ರೆ ತಲೆ ತಿರುಗಿಸದೆ ಇಡೀ ಮೈಯನ್ನೇ ತಿರುಗಿಸೋಳು. ಒಂದು ತಿಂಗಳು ಹಂಗೇ ಇದ್ಲು. ಆಮೇಲೆ ಕೋಲಾರದಲ್ಲಿ ಇನ್ನೊಬ್ಬ ಡಾಕ್ಟರ್ ನೋಡಿ, ಹರಳು ಯಾವತ್ತೋ ಜಾಗಕ್ಕೆ ಹೋಗಿದೆ ಅಮ್ಮ, ಈಗ ಇರೋದು ಭಯ ಮತ್ತೆ ಬಿಗಿದಿರೋ ಕತ್ತು ಅಷ್ಟೇ ಅಂದ್ರು. ಆ ಒಂದು ತಿಂಗಳು ಬೇರೆ ಯಾರ ಮನೇಲೂ ಹಿಂಗೆ ಹಾಳಾಗಬಾರ್ದು ಅಂತ ಇದನ್ನ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ನಿಮ್ಮನ್ನ ಮುಟ್ಟಿ ನೋಡಿದ ಡಾಕ್ಟರ್ ಬೇರೆ ಥರ ಹೇಳಿದ್ರೆ ಅವರ ಮಾತೇ ಮೊದಲು, ಆದ್ರೆ ಯಾಕೆ, ಎಷ್ಟು ದಿನ ಅಂತ ಕೇಳಿಸ್ಕೊಂಡು ಬನ್ನಿ.

ಒಳಗೆ ಆಗಿರೋದೇನು

ಇದು ಗೊತ್ತಿದ್ರೆ ಮುಂದಿಂದೆಲ್ಲಾ ತಾನಾಗೇ ಅರ್ಥ ಆಗುತ್ತೆ. ಒಳಗಿವಿಲಿ ಒಂದು ಸಣ್ಣ ಚೀಲ ಇದೆ, ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಅಂಟಿಕೊಂಡಿರ್ತವೆ, ಸುಣ್ಣದ ಕಲ್ಲು ಯಾವ ವಸ್ತುನೋ ಇದೂ ಅದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಪಕ್ಕದಲ್ಲೇ ಬಳೆ ತುಂಡಿನ ಥರ ಮೂರು ಕೊಳವೆ, ಒಳಗೆ ನೀರಿನಂಥ ದ್ರವ. ಗಾರೆ ಮೇಸ್ತ್ರಿ ಹತ್ರ ರಸಮಟ್ಟ ಇರುತ್ತಲ್ಲ, ಹಂಗೆ ಈ ಕೊಳವೆಗಳು ತಲೆ ಯಾವ ಕಡೆ ತಿರುಗ್ತು ಅಂತ ಮೆದುಳಿಗೆ ಹೇಳ್ತಿರ್ತವೆ. ವಯಸ್ಸಾಗಿಯೋ, ತಲೆಗೆ ಪೆಟ್ಟು ಬಿದ್ದೋ, ಎಷ್ಟೋ ಸಲ ಕಾರಣನೇ ಸಿಗದೆಯೋ ಹರಳು ಕಳಚಿ ಕೊಳವೆಯೊಳಗೆ ಬಿದ್ರೆ, ಮಗ್ಗುಲು ಬದಲಾಯಿಸಿದಾಗ, ಮೇಲೆ ನೋಡಿದಾಗ, ಬಗ್ಗಿದಾಗ ಅದು ಉರುಳಿ ದ್ರವವನ್ನ ತಳ್ಳುತ್ತೆ, ಮೆದುಳಿಗೆ ತಲೆ ತಿರುಗ್ತಾನೇ ಇದೆ ಅನ್ನೋ ಸುಳ್ಳು ಸುದ್ದಿ ಹೋಗುತ್ತೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತೆ, ಮತ್ತೆ ತಲೆ ಆ ಕಡೆ ಹೋದ್ರೆ ಮತ್ತೆ ಶುರು. ಚೀಟಿಲಿ ಬಿಪಿಪಿವಿ ಅಂತ ಬರೆದಿದ್ರೆ ಇದೇ. ಹೆಚ್ಚಿನವರಿಗೆ ಹಿಂಭಾಗದ ಕೊಳವೇಲೇ ಹರಳು ಸೇರಿಕೊಂಡಿರುತ್ತೆ, ತಲೆಯನ್ನ ಹಂತಹಂತವಾಗಿ ತಿರುಗಿಸಿ ಅದನ್ನ ಉರುಳಿಸ್ಕೊಂಡು ಚೀಲಕ್ಕೆ ವಾಪಸ್ ಕಳ್ಸೋದೇ ಎಪ್ಲಿ. ಅಮೆರಿಕದ ಜಾನ್ ಎಪ್ಲಿ ಅನ್ನೋ ಕಿವಿ ಡಾಕ್ಟರ್ 1992ರಲ್ಲಿ ಇದನ್ನ ಬರೆದು ಪ್ರಕಟಿಸಿದ್ರು.

ಕೂತ್ಕೊಂಡೇ ಮಲಗಿ ಅನ್ನೋ ಮಾತು ಎಲ್ಲಿಂದ ಬಂತು ಅಂದ್ರೆ, ಈಗಷ್ಟೇ ವಾಪಸ್ ಹೋದ ಹರಳು ಮಲಗಿದ್ರೆ ಮತ್ತೆ ಕೊಳವೆಗೆ ಜಾರಬಹುದು ಅನ್ನೋ ಅಂದಾಜಿಂದ. ಮೊದಮೊದಲು 48 ಗಂಟೆ ನೆಟ್ಟಗೆ ಇರಿ ಅಂತ ಬಹಳ ಕಡೆ ಹೇಳೋರು, ಕತ್ತಿಗೆ ಕಾಲರ್ ಕೂಡ ಹಾಕೋರು. ಆಮೇಲೆ ಒಂದು ಗುಂಪಿಗೆ ಈ ಪಥ್ಯ ಹೇಳಿ, ಇನ್ನೊಂದು ಗುಂಪಿಗೆ ಏನೂ ಹೇಳದೆ ಹೋಲಿಸಿ ನೋಡಿದ್ರು. 2012ರಲ್ಲಿ ಕಾಕ್ರೇನ್ ಅನ್ನೋ, ವೈದ್ಯಕೀಯ ಅಧ್ಯಯನಗಳನ್ನ ಪರಿಶೀಲಿಸೋ ಸಂಸ್ಥೆ ಆ ಅಧ್ಯಯನಗಳನ್ನೆಲ್ಲಾ ಒಟ್ಟಿಗೆ ಇಟ್ಟು ನೋಡಿದಾಗ, ಪಥ್ಯ ಇಲ್ಲದೇನೇ ಹತ್ತರಲ್ಲಿ ಎಂಟು ಜನ ಸರಿಹೋಗಿದ್ರು, ಪಥ್ಯ ಮಾಡಿದ ಹತ್ತು ಜನದಲ್ಲಿ ಹೆಚ್ಚುವರಿಯಾಗಿ ಅನುಕೂಲ ಆಗಿದ್ದು ಒಬ್ಬರಿಗೆ. ಅಮೆರಿಕದ ಇಎನ್‌ಟಿ ಡಾಕ್ಟರುಗಳ ಸಂಘ 2017ರ ಮಾರ್ಗಸೂಚಿಲಿ ಎಪ್ಲಿ ಆದ್ಮೇಲೆ ಇಂಥ ಕಟ್ಟುಪಾಡು ಹೇಳ್ಬೇಡಿ ಅಂತಾನೇ ಬರೆದಿದೆ. ಎರಡನ್ನೂ ಸೇರಿಸಿ ನೋಡಿದ್ರೆ ನನಗೆ ಅನ್ಸೋದು ಇಷ್ಟು: ಮೊದಲ ರಾತ್ರಿ ಒಂಚೂರು ಜೋಪಾನ ಮಾಡಿದ್ರೆ ನಷ್ಟ ಇಲ್ಲ, ಆದ್ರೆ ಅರವತ್ತು ದಾಟಿದ ಜೀವವನ್ನ ಎರಡು ರಾತ್ರಿ ಕುರ್ಚಿಲಿ ಕೂರಿಸೋದು ಬೇಡ.

ಕ್ಲಿನಿಕ್ ಬಿಡೋಕೆ ಮುಂಚೆ

ಎಪ್ಲಿ ಮುಗಿದ ತಕ್ಷಣ ಎದ್ದು ಓಡಬೇಡಿ, ಒಂದು ಕಾಲು ಗಂಟೆ ಅಲ್ಲೇ ಬೆಂಚ್ ಮೇಲೆ ಕೂತ್ಕೊಳ್ಳಿ. ಕೆಲವರಿಗೆ ಎದ್ದ ಕೂಡ್ಲೆ ಹಿಂದಕ್ಕೆ ಎಳೆದಂಗಾಗುತ್ತೆ, ವಾಂತಿ ಬರೋಂಗಾಗುತ್ತೆ. ಆ ಟೈಮಲ್ಲಿ ಡಾಕ್ಟರನ್ನ ಕೇಳಿ ಚೀಟಿ ಹಿಂದೆ ಬರೆಸ್ಕೊಳ್ಳಿ: ಯಾವ ಕಿವಿ, ಯಾವ ಕೊಳವೆ, ಎಪ್ಲಿ ಮಾಡಿದ್ರಾ ಬೇರೆದಾ, ಮತ್ತೆ ಯಾವಾಗ ಬರಬೇಕು. ಇದು ಬಹಳ ಮುಖ್ಯ, ಆರು ತಿಂಗಳಾದ್ಮೇಲೆ ಮತ್ತೆ ಬಂದ್ರೆ ಬಲಗಿವಿನಾ ಎಡಗಿವಿನಾ ಅಂತ ನಿಮಗೆ ಖಂಡಿತ ನೆನಪಿರಲ್ಲ.

ಜೊತೆಗೆ ಒಬ್ರು ಇರಲೇಬೇಕು. ಆವತ್ತು ನೀವು ಗಾಡಿ ಓಡಿಸ್ಬೇಡಿ, ಬೈಕ್ ಹಿಂದೆ ಸೈಡಿಗೆ ಕಾಲು ಹಾಕ್ಕೊಂಡು ಕೂರೋದೂ ಬೇಡ. ಆಟೋ ಇಲ್ಲ ಬಸ್, ಬಸ್ಸಲ್ಲಾದ್ರೆ ಮುಂದಕ್ಕೆ ಮುಖ ಮಾಡಿರೋ ಸೀಟು. ಕಿಟಕಿ ಪಕ್ಕ ಓಡ್ತಿರೋ ಮರಗಳನ್ನ ನೋಡೋ ಬದಲು ದೂರದ ರಸ್ತೆ ನೋಡಿ, ಹೊಟ್ಟೆ ತೊಳೆಸೋದು ಕಮ್ಮಿ ಆಗುತ್ತೆ.

ಮೊದಲನೇ ರಾತ್ರಿ

ನಮ್ಮ ಕಡೆ ಚಾಪೆ ಹಾಸಿ ನೆಲದ ಮೇಲೆ ಮಲಗೋ ಅಭ್ಯಾಸ ಇನ್ನೂ ಇದೆ. ಎರಡು ಮೂರು ದಿನಕ್ಕಾದ್ರೂ ಮಂಚ ಕೊಡಿ, ಯಾಕಂದ್ರೆ ನೆಲದಿಂದ ಏಳಬೇಕಾದ್ರೆ ಬಗ್ಗಿ, ಕೈ ಊರಿ, ತಲೆ ಕೆಳಗೆ ಮಾಡಿ ಏಳಬೇಕು, ಬೀಳೋದು ಅಲ್ಲೇ.

ಎರಡು ದಿಂಬು ಇಟ್ಟು ತಲೆ ಜೊತೆ ಭುಜನೂ ಮೇಲೆ ಬರೋ ಥರ ಮಲಗಿ. ಬರೀ ತಲೆಗೆ ಎರಡು ದಿಂಬು ಕೊಟ್ರೆ ಗದ್ದ ಎದೆಗೆ ಒತ್ತಿ ಬೆಳಗ್ಗೆ ಕತ್ತು ನೋವು ಗ್ಯಾರಂಟಿ, ಕೆಳಗಿನ ದಿಂಬು ಬೆನ್ನಿನ ಮೇಲ್ಭಾಗದವರೆಗೂ ಬರಲಿ. ಟ್ರೀಟ್‌ಮೆಂಟ್ ಆದ ಕಿವಿ ಕೆಳಗೆ ಬರೋ ಮಗ್ಗುಲು ಆ ಒಂದು ರಾತ್ರಿ ಬೇಡ, ಅಂಗಾತ ಇಲ್ಲ ಇನ್ನೊಂದು ಮಗ್ಗುಲು. ನಿದ್ದೆಗಣ್ಣಲ್ಲಿ ಹೊರಳಿಬಿಟ್ರೆ? ಗಾಬರಿ ಬೇಡ, ಏನೂ ಹಾಳಾಗಲ್ಲ. ಬೆನ್ನ ಹಿಂದೆ ಒಂದು ಕಂಬಳಿ ಸುತ್ತಿ ಇಟ್ರೆ ಸಾಕು. ಅಮ್ಮನಿಗೆ ಎರಡನೇ ಸಲ ಬಂದಾಗ ಇಷ್ಟೇ ಮಾಡಿದ್ವಿ, ರಾತ್ರಿ ಹೊರಳಿದ್ಲೋ ಇಲ್ವೋ ಅವಳಿಗೇ ಗೊತ್ತಿಲ್ಲ, ಬೆಳಗ್ಗೆ ಚೆನ್ನಾಗಿದ್ಲು. ಮಾರನೇ ರಾತ್ರಿಯಿಂದ ನಿಮಗೆ ಹೆಂಗೆ ಅಭ್ಯಾಸನೋ ಹಂಗೆ, ಒಂದು ದಿಂಬು, ಯಾವ ಮಗ್ಗುಲಾದ್ರೂ ಸರಿ.

ಏಳೋ ಕ್ರಮ

ಇದನ್ನ ಮಾತ್ರ ಒಂದು ವಾರ ಪಾಲಿಸಿ, ಬಿಪಿ ಮಾತ್ರೆ ತಗೊಳ್ಳೋರು ಯಾವಾಗ್ಲೂ ಪಾಲಿಸಿದ್ರೂ ಒಳ್ಳೇದು. ಎಚ್ಚರ ಆದ ಕೂಡ್ಲೆ ಧಡಕ್ ಅಂತ ಎದ್ದು ಕೂರೋದು ಬೇಡ. ಮೊದಲು ಮಗ್ಗುಲಿಗೆ ಹೊರಳಿ, ಕಾಲೆರಡೂ ಮಂಚದಿಂದ ಕೆಳಗಿಳಿಸಿ, ಕೈ ಊರಿ ನಿಧಾನಕ್ಕೆ ಮೇಲೆ ಬನ್ನಿ. ಮಂಚದ ಅಂಚಲ್ಲಿ ಕಾಲು ನೆಲಕ್ಕೆ ತಾಗಿಸ್ಕೊಂಡು ಒಂದು ನಿಮಿಷ ಕೂತ್ಕೊಳ್ಳಿ, ಎದುರಿಗಿರೋ ಕ್ಯಾಲೆಂಡರ್ರೋ ದೇವರ ಫೋಟೋನೋ ಒಂದನ್ನೇ ನೋಡಿ, ಅದು ನಿಂತಲ್ಲೇ ನಿಂತಿದ್ರೆ ಆಮೇಲೆ ಎದ್ದು ನಿಲ್ಲಿ. ತಿರುಗ್ತಿದ್ರೆ ಕೂತೇ ಇರಿ, ಮಂಚ ಬಿಡಬೇಡಿ.

ರಾತ್ರಿ ಬಾತ್‌ರೂಮಿಗೆ ಹೋಗೋದೇ ನಿಜವಾದ ಅಪಾಯ. ಮೈ ಸಮತೋಲ ನಿಂತಿರೋದು ಮೂರರ ಮೇಲೆ, ಒಳಗಿವಿ, ಕಣ್ಣು, ಪಾದದ ಸ್ಪರ್ಶ. ಕಿವಿ ಸ್ವಲ್ಪ ದಿನ ಎಡವಟ್ಟು ಸುದ್ದಿ ಕೊಡ್ತಿರುತ್ತೆ, ಕತ್ತಲೆ ಆದ್ರೆ ಕಣ್ಣೂ ಕೆಲಸಕ್ಕೆ ಬರಲ್ಲ, ಒದ್ದೆ ನೆಲ ಸವೆದ ಚಪ್ಪಲಿ ಆದ್ರೆ ಪಾದನೂ ಹೋಯ್ತು. ಸಣ್ಣ ಲೈಟ್ ಒಂದು ಉರೀತಿರಲಿ, ಬಾತ್‌ರೂಮ್ ಹೊರಗಿರೋ ಮನೆಯಾದ್ರೆ ಟಾರ್ಚ್ ದಿಂಬಿನ ಪಕ್ಕನೇ ಇರಲಿ, ಮನೆಯೋರು ಯಾರಾದ್ರೂ ಎದ್ದು ಜೊತೆಗೆ ಹೋಗಿ. ಹರಳು ಯಾರ ಪ್ರಾಣನೂ ತೆಗೆಯಲ್ಲ, ಈ ವಯಸ್ಸಲ್ಲಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರೆ ಹಾಸಿಗೆ ಹಿಡೀತಾರೆ.

ಸ್ನಾನ, ತಲೆಸ್ನಾನ

ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿ. ತಲೆ ಬಗ್ಗಿಸಿ ನಲ್ಲಿ ಕೆಳಗೆ ಇಡೋದು, ಮುಖ ಮೇಲೆತ್ತಿ ಕಣ್ಣು ಮುಚ್ಚಿ ಚೊಂಬಲ್ಲಿ ಸುರ್ಕೊಳ್ಳೋದು ಎರಡು ಮೂರು ದಿನ ಬೇಡ, ಸೀಗೆಕಾಯಿ ಶಾಂಪೂ ಕಣ್ಣಿಗೆ ಹೋಗುತ್ತೆ ಅಂತ ಕಣ್ಣು ಮುಚ್ಚಿದಾಗ್ಲೇ ಜನ ವಾಲೋದು. ತಲೆ ನೆಟ್ಟಗಿಟ್ಕೊಂಡು ಬೇರೆಯವರ ಕೈಲಿ ನೀರು ಹಾಕಿಸ್ಕೊಂಡ್ರೆ ಮೊದಲ ದಿನವೇ ತಲೆಸ್ನಾನ ಮಾಡಬಹುದು. ಬಾಗಿಲಿಗೆ ಒಳಗಿಂದ ಚಿಲಕ ಹಾಕಬೇಡಿ.

ಅಡುಗೆ ಮನೆ, ಹಟ್ಟಿ, ತೋಟ

ನಮ್ಮ ಹೆಂಗಸರಿಗೆ ರೆಸ್ಟ್ ತಗೊಳ್ಳಿ ಅಂದ್ರೆ ಆಗಲ್ಲ, ಅದಕ್ಕೆ ಕೆಲಸದ ಲೆಕ್ಕದಲ್ಲೇ ಹೇಳ್ತೀನಿ. ಮೊದಲ ದಿನ ಮತ್ತೆ ಮಾರನೇ ದಿನ ತಲೆ ಪೂರ್ತಿ ಕೆಳಗೆ ಹೋಗೋ ಕೆಲಸ, ಪೂರ್ತಿ ಹಿಂದಕ್ಕೆ ಹೋಗೋ ಕೆಲಸ ಎರಡೂ ಬೇರೆಯವರು ಮಾಡಲಿ. ರಂಗೋಲಿ ಬಿಡೋದು, ನೆಲ ಒರೆಸೋದು, ಅಟ್ಟದ ಮೇಲಿನ ಡಬ್ಬ ಇಳಿಸೋದು, ಜೇಡ ಹೊಡೆಯೋದು ಇದರಲ್ಲಿ ಬರುತ್ತೆ. ಒಲೆ ಮುಂದೆ ನಿಂತು ಅಡುಗೆ ಮಾಡಿದ್ರೆ ಏನೂ ಆಗಲ್ಲ, ಆದ್ರೆ ಮುದ್ದೆ ಪಾತ್ರೆನ ನೆಲಕ್ಕಿಟ್ಟು ಕಾಲಲ್ಲಿ ಒತ್ತಿ ಹಿಡಿದು ಬಗ್ಗಿ ತೊಳಸೋದು ಎರಡು ದಿನ ಮಗನೋ ಸೊಸೆನೋ ಮಾಡಲಿ. ಕೆಳಗೆ ಬಿದ್ದಿದ್ದು ಎತ್ತಬೇಕಾದ್ರೆ ಸೊಂಟದಿಂದ ಬಗ್ಗೋ ಬದಲು ಮಂಡಿ ಮಡಚಿ ಕುಕ್ಕರುಗಾಲಲ್ಲಿ ಕೂತು ಎತ್ತಿ, ತಲೆ ನೆಟ್ಟಗೇ ಇರುತ್ತೆ. ಮಂಡಿ ನೋವಿರೋರು ಒಂದು ಕೈಲಿ ಗೋಡೆ ಹಿಡ್ಕೊಳ್ಳಿ.

ಹಾಲು ಕರೆಯೋದರ ಬಗ್ಗೆ ಬೇರೆಯಾಗೇ ಹೇಳ್ಬೇಕು, ಡೈರಿಗೆ ಹಾಲು ಹಾಕೋ ಮನೆಗಳಲ್ಲಿ ಬೆಳಗ್ಗೆ ಸಂಜೆ ತಪ್ಪಿಸೋಂಗಿಲ್ಲ. ಕುಕ್ಕರುಗಾಲಲ್ಲಿ ಕೂತು ಹಸುವಿನ ಪಕ್ಕೆಗೆ ಹಣೆ ಆನಿಸಿ, ತಲೆ ಒಂದು ಕಡೆ ವಾಲಿಸಿ ಕರೀತಾರಲ್ಲ, ಆ ಭಂಗಿಲಿ ಸುತ್ತು ಬಂತು ಅಂದ್ರೆ ಹಸು ಕಾಲ ಕೆಳಗೇ ಬೀಳೋದು. ಎರಡು ಮೂರು ದಿನ ಬೇರೆಯವರು ಕರೀಲಿ. ಆಮೇಲೂ ಶುರುಲಿ ಚಿಕ್ಕ ಮಣೆ ಹಾಕ್ಕೊಂಡು, ಸಾಧು ಹಸುನ ಮೊದಲು ಕರೆದು ನೋಡಿ.

ಟೊಮ್ಯಾಟೊ ಬಿಡಿಸೋದು, ಕಳೆ ಕೀಳೋದು ಮೂರನೇ ದಿನದಿಂದ ನಿಧಾನಕ್ಕೆ ಮಾಡಬಹುದು, ಬಗ್ಗಿ ಏಳೋವಾಗ ಒಂದು ಕ್ಷಣ ನಿಂತು ಉಸಿರು ತಗೊಂಡು ಹೆಜ್ಜೆ ಇಡಿ. ಮಾವಿನ ಮರ ಹತ್ತೋದು, ಏಣಿ, ನೀರಿನ ಟ್ಯಾಂಕ್ ತೊಳೆಯೋಕೆ ತಾರಸಿ ಅಂಚಿಗೆ ಹೋಗೋದು, ಬಾವಿ ಕಟ್ಟೆ, ಟ್ರ್ಯಾಕ್ಟರ್ ಓಡಿಸೋದು ಮಾತ್ರ ದಿನದ ಲೆಕ್ಕಕ್ಕೆ ಬಿಡಬೇಡಿ, ಸುತ್ತು ಪೂರ್ತಿ ನಿಂತಿದೆ ಅಂತ ಡಾಕ್ಟರ್ ಮತ್ತೆ ಮಲಗಿಸಿ ನೋಡಿ ಹೇಳೋವರೆಗೂ ಬೇಡ. ದೋಟಿ ಹಿಡಿದು ಕೆಳಗೆ ನಿಂತು ಕಾಯಿ ಕೀಳೋದೂ ಹಂಗೇ, ಮೇಲೆ ನೋಡ್ಕೊಂಡೇ ಕೈ ಎತ್ತಿ ಕೆಲಸ ಮಾಡೋದಲ್ವಾ, ಒಂದು ವಾರ ಬಿಡಿ. ಟೂ ವೀಲರ್ ಕೂಡ ಅಷ್ಟೇ, ತಲೆ ತಿರುಗಿಸಿ ಹಿಂದೆ ನೋಡಿದಾಗ ಏನೂ ಆಗಲ್ಲ ಅನ್ನೋದು ಖಾತ್ರಿ ಆದ್ಮೇಲೆ ಮೊದಲು ಊರೊಳಗೆ ಓಡಿಸಿ, ಆಮೇಲೆ ಹೈವೇ.

ನಮಸ್ಕಾರ, ನಮಾಜು, ಪಾರ್ಲರ್

ದೇವಸ್ಥಾನದಲ್ಲಿ ಸಾಷ್ಟಾಂಗ ಬೇಡ, ಎರಡು ಮೂರು ದಿನ ನಿಂತೇ ಕೈ ಮುಗೀರಿ. ನಮಾಜ್ ಮಾಡೋರು ಸಜ್ದಾಗೆ ಹಣೆ ನೆಲಕ್ಕೆ ತಾಗಿಸ್ಬೇಕಾಗುತ್ತೆ, ಅಷ್ಟು ದಿನ ಕುರ್ಚಿ ಮೇಲೆ ಕೂತು ಮಾಡಿ. ಕಾಯಿಲೆ ಇದ್ದಾಗ ಅದಕ್ಕೆ ಅವಕಾಶ ಇದೆ. ಅಂತರಗಂಗೆ ಮೆಟ್ಟಿಲು ಹತ್ತೋ ಹರಕೆ ಇದ್ರೆ ಮುಂದಿನ ತಿಂಗಳಿಗೆ ಇಟ್ಕೊಳ್ಳಿ. ಯೋಗ ಮಾಡೋರು ಸರ್ವಾಂಗಾಸನ, ಹಲಾಸನ, ಶೀರ್ಷಾಸನ ಡಾಕ್ಟರನ್ನ ಕೇಳಿಯೇ ಶುರು ಮಾಡಿ. ಪಾರ್ಲರಲ್ಲಿ ಕತ್ತು ಹಿಂದಕ್ಕೆ ಬಗ್ಗಿಸಿ ಬೇಸಿನ್ನಲ್ಲಿ ಕೂದಲು ತೊಳೀತಾರೆ, ಹಲ್ಲಿನ ಡಾಕ್ಟರ್ ಕುರ್ಚಿನೂ ಅಷ್ಟೇ ಹಿಂದಕ್ಕೆ ಹೋಗುತ್ತೆ, ನನಗೆ ಹಿಂಗಾಗಿತ್ತು ಅಂತ ಮೊದಲೇ ಹೇಳಿ, ಕುರ್ಚಿ ಪೂರ್ತಿ ಮಲಗಿಸದೆ ಕೆಲಸ ಮಾಡ್ತಾರೆ.

ಮೂರನೇ ದಿನದಿಂದ ತಲೆ ಆಡಿಸಿ

ಅಮ್ಮನ ವಿಷಯದಲ್ಲಿ ನಾವು ತಪ್ಪಿದ್ದು ಇಲ್ಲೇ, ಅದಕ್ಕೆ ಒತ್ತಿ ಹೇಳ್ತಿದೀನಿ. ಹರಳು ವಾಪಸ್ ಹೋದ್ಮೇಲೂ ಕೆಲವು ದಿನ, ಕೆಲವರಿಗೆ ಎರಡು ಮೂರು ವಾರ, ತಲೆ ತೇಲಿದಂಗೆ, ಹತ್ತಿ ಮೇಲೆ ನಡೆದಂಗೆ ಇರುತ್ತೆ. ಇದು ಮೊದಲಿನ ಗಿರ್ರನೆ ತಿರುಗೋ ಸುತ್ತಲ್ಲ. ಇಷ್ಟು ದಿನ ಸುಳ್ಳು ಸುದ್ದಿಗೆ ಹೊಂದ್ಕೊಂಡಿದ್ದ ಮೆದುಳು ಮತ್ತೆ ಸರಿಯಾದ ಸುದ್ದಿಗೆ ಹೊಂದ್ಕೊಳ್ಳೋಕೆ ಟೈಮ್ ತಗೊಳ್ತಿರುತ್ತೆ, ತಲೆ ಆಡಿಸಿದ್ರೆ ಮಾತ್ರ ಅದು ಕಲಿಯೋದು. ಕಂಬದ ಥರ ನೆಟ್ಟಗೆ ಕೂತ್ರೆ ಆ ತೇಲಾಟ ವಾರಗಟ್ಟಲೆ ಉಳ್ಕೊಳ್ಳುತ್ತೆ.

ಕೋಲಾರದ ಡಾಕ್ಟರ್ ಅಮ್ಮನಿಗೆ ಹೇಳಿಕೊಟ್ಟಿದ್ದು ಹಿಂಗೆ. ಕುರ್ಚಿಲಿ ಕೂತು ತಲೆ ನಿಧಾನಕ್ಕೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಹತ್ತತ್ತು ಸಲ, ಬೆಳಗ್ಗೆ ಸಂಜೆ. ಅದು ಸಲೀಸಾದ್ಮೇಲೆ ಗೋಡೆ ಪಕ್ಕ ನಿಂತು. ಆಮೇಲೆ ದಿನಾ ಇಪ್ಪತ್ತು ನಿಮಿಷ ನಡಿಗೆ, ನಡೀತಾ ರಸ್ತೆ ಎಡಬಲ ನೋಡೋದು. ಮೊದಲ ದಿನ ನನ್ನ ಕೈ ಬಿಗಿಯಾಗಿ ಹಿಡಿದು, "ಬಿಡಬೇಡ ಕಣೆ, ಬಿದ್ದೋಗ್ತೀನಿ" ಅಂತಿದ್ಲು. ಐದನೇ ದಿನಕ್ಕೆ ಊರಬಾಗಿಲ ಅರಳಿ ಕಟ್ಟೆವರೆಗೂ ಒಬ್ಬಳೇ ಹೋಗಿ ಬಂದ್ಲು. ನಡೆಯೋವಾಗ ಒಂಚೂರು ತೇಲಿದಂಗಾದ್ರೆ ನಿಂತು ಮತ್ತೆ ನಡೀಬೇಕು, ವಾಪಸ್ ಬಂದು ಮಲಗಬಾರ್ದು ಅಂತ ಅವರು ಸ್ಪಷ್ಟವಾಗಿ ಹೇಳಿದ್ರು.

ಮಾತ್ರೆ ವಿಷಯ ಸ್ವಲ್ಪ. ಸಿನ್ನರಿಜಿನ್ ಥರದ ಸುತ್ತು ನಿಲ್ಲಿಸೋ ಮಾತ್ರೆ ವಾಂತಿ ಜೋರಿದ್ದಾಗ ಒಂದೆರಡು ದಿನಕ್ಕೆ ಕೊಡ್ತಾರೆ, ಆದ್ರೆ ಯಾವ ಮಾತ್ರೆನೂ ಹರಳನ್ನ ಜಾಗಕ್ಕೆ ತಳ್ಳಲ್ಲ, ತಿಂಗಳುಗಟ್ಟಲೆ ನುಂಗಿದ್ರೆ ಮಂಪರು ಬಂದು ವಯಸ್ಸಾದೋರು ಬೀಳೋದೇ ಜಾಸ್ತಿ. ಮೆಡಿಕಲ್ ಶಾಪಲ್ಲಿ ಹಳೇ ಚೀಟಿ ತೋರಿಸಿ ತಗೊಂಡು ಬರೋದನ್ನ ನಿಲ್ಲಿಸಿ.

ಮತ್ತೆ ಬಂದ್ರೆ

ಒಂದು ಸಲಕ್ಕೆ ಹೋಗದಿದ್ರೆ ಎಪ್ಲಿ ಫೇಲ್ ಆಯ್ತು ಅಂತಲ್ಲ, ಎರಡು ಮೂರು ಸಲ ಮಾಡಬೇಕಾಗೋದು ಮಾಮೂಲು. ಪೂರ್ತಿ ಸರಿಹೋದ್ಮೇಲೂ ತಿಂಗಳು ವರ್ಷ ಬಿಟ್ಟು ಮರುಕಳಿಸಬಹುದು, ಐದು ವರ್ಷದಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮತ್ತೆ ಬರುತ್ತೆ ಅಂತ ಡಾಕ್ಟರುಗಳು ಹೇಳ್ತಾರೆ. ನೀವು ತಪ್ಪಾಗಿ ಮಲಗಿದ್ದಕ್ಕೇ ಬಂತು ಅಂತ ಮನೆಯೋರು ಬಯ್ಯೋದು ಬೇಡ. ವಿಟಮಿನ್ ಡಿ ಕಮ್ಮಿ ಇರೋರಿಗೆ ಅದನ್ನ ಸರಿಮಾಡಿದ್ರೆ ಮರುಕಳಿಸೋದು ಕಮ್ಮಿ ಆಯ್ತು ಅಂತ 2020ರಲ್ಲಿ ಕೊರಿಯಾದ ಡಾಕ್ಟರುಗಳ ಅಧ್ಯಯನ ಒಂದು ಬಂದಿದೆ, ಹಂಗಾಗಿ ಪದೇ ಪದೇ ಬರೋರು ರಕ್ತ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನ ಕೇಳಿ.

ಯೂಟ್ಯೂಬ್ ನೋಡಿ ಮನೇಲೇ ಎಪ್ಲಿ ಮಾಡ್ಕೊಳ್ಳೋ ಆಸೆ ಎಲ್ಲರಿಗೂ ಬರುತ್ತೆ. ಯಾವ ಕಿವಿ ಅಂತ ಡಾಕ್ಟರ್ ಬರೆದುಕೊಟ್ಟು, ನಿಮಗೆ ಕೈಹಿಡಿದು ಹೇಳಿಕೊಟ್ಟಿದ್ರೆ ಮಾಡಿ. ಇಲ್ಲಾಂದ್ರೆ ತಪ್ಪು ಕಿವಿಗೆ ಮಾಡಿದ್ರೆ ಉಪಯೋಗ ಇಲ್ಲ, ಹರಳು ಬೇರೆ ಕೊಳವೆಗೆ ಸರಿದು ಸುತ್ತು ಇನ್ನೂ ಜೋರಾಗಲೂಬಹುದು. ಕತ್ತಿನ ಮೂಳೆ ತೊಂದ್ರೆ ಇರೋರು, ಕಣ್ಣಿನ ಪೊರೆ ತೆಗೆಸ್ಕೊಂಡು ಈಗಷ್ಟೇ ಬಂದಿರೋರು, ಸ್ಟ್ರೋಕ್ ಆಗಿರೋರು ಕೇಳದೆ ಮಾಡಲೇಬೇಡಿ.

ಇವುಗಳಲ್ಲಿ ಒಂದು ಕಂಡ್ರೂ ಹರಳು ಅಂತ ಮನೇಲಿ ಕೂರಬೇಡಿ: ಮಾತು ತೊದಲೋದು, ಬಾಯಿ ಒಂದು ಕಡೆ ವಾಲೋದು, ಕೈ ಕಾಲು ಒಂದು ಕಡೆ ಬಲ ಇಲ್ಲದಂಗಾಗೋದು, ಒಂದು ವಸ್ತು ಎರಡಾಗಿ ಕಾಣೋದು, ಹಿಂದೆಂದೂ ಬರದಂಥ ತಲೆನೋವು, ಹಿಡ್ಕೊಂಡ್ರೂ ನಿಲ್ಲೋಕಾಗದೆ ಇರೋದು, ಪ್ರಜ್ಞೆ ತಪ್ಪೋದು, ದಿಢೀರ್ ಅಂತ ಒಂದು ಕಿವಿ ಕೇಳದೆ ಹೋಗೋದು, ತಲೆ ಅಲ್ಲಾಡಿಸದೆ ಇದ್ರೂ ಗಂಟೆಗಟ್ಟಲೆ ಸುತ್ತು ನಿಲ್ಲದೆ ಇರೋದು. ಪಾನಕ, ಗ್ಲೂಕೋಸ್ ಅಂತ ಟೈಮ್ ಕಳೀಬೇಡಿ, 108ಕ್ಕೆ ಫೋನ್ ಮಾಡಿ, ಸ್ಟ್ರೋಕ್ ಆಗಿದ್ರೆ ಮೊದಲ ಕೆಲವು ಗಂಟೇಲೇ ಚಿಕಿತ್ಸೆ ಸಿಗಬೇಕು. ಎಷ್ಟು ಗಂಟೆಗೆ ಶುರುವಾಯ್ತು ಅನ್ನೋದನ್ನ ಮಾತ್ರ ನೋಡಿ ಇಟ್ಕೊಳ್ಳಿ, ಆಸ್ಪತ್ರೇಲಿ ಮೊದಲು ಕೇಳೋದೇ ಅದನ್ನ.